ಕೊಡುವ ಸೀರೆ, ಉಡುವ ಸೀರೆ

ಬಳ್ಳಾರಿಯ ಬ್ರೂಸ್‌ಪೇಟೆಯ ಸೀರೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸಿದವನು ನಾನು. ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ ಕೂಡಲೇ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಬೆಲೆಯದ್ದೂ ಅಲ್ಲ.

"ಕೊಡಾಕೇನ್ರಿ, ಉಡಾಕೇನ್ರಿ?"

ಹೊರಗಿನವರಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸಬಹುದು. ನಮ್ಮ ಕಡೆಯ ಹೆಂಗಸರು ಒಂದು ಗಳಿಗೆಯೂ ಯೋಚಿಸದೆ ಉತ್ತರ ಕೊಡುತ್ತಿದ್ದರು. ಉಡುವ ಸೀರೆಯನ್ನು ಪೂರ್ತಿ ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು, ಸೆರಗು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಜೊತೆಗೆ ಬಂದ ಗಂಡ ಮೂರು ಸಲ ಆಕಳಿಸುವವರೆಗೆ ಆರಿಸುತ್ತಿದ್ದರು. ಕೊಡುವ ಸೀರೆಯನ್ನು ಮಾತ್ರ ಎಣಿಸುತ್ತಿದ್ದರು. ಅದನ್ನು ಬಿಚ್ಚಿ ತೋರಿಸಲು ಹೋದರೆ "ಅದನ್ಯಾಕ ಬಿಚ್ಚತೀರಿ, ಮಡಿಕಿ ಕೆಡ್ತೈತಿ" ಎಂದು ನನಗೇ ಬೈಯುತ್ತಿದ್ದರು.

ಕೊಡುವ ಸೀರೆ ಅಂದರೆ ಮದುವೆ, ಗೃಹಪ್ರವೇಶ, ಸೀಮಂತಗಳಲ್ಲಿ ಮುಯ್ಯಿ ಮಾಡುವ ಸೀರೆ. ಗಡಿಯಾಚೆಯಿಂದ ಬರುವ ತೆಲುಗಿನವರು ಅದನ್ನು ಪೆಟ್ಟುಬಡಿ ಚೀರ ಅನ್ನುತ್ತಾರೆ. ಹೆಸರು ಬೇರೆ, ಸರಕು ಒಂದೇ: ಅಪ್ಪಟ ಪಾಲಿಯೆಸ್ಟರು. ಗಂಜಿ ಹಾಕಿ, ಒಳಗೊಂದು ರಟ್ಟು ತುರುಕಿ, ಮೇಲೆ ಬಂಗಾರದ ಬಣ್ಣದ ಚೀಟಿ ಅಂಟಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸೂರತ್ತಿನಿಂದ ಬರುತ್ತಿತ್ತು. ರಟ್ಟು ತೆಗೆದರೆ ಅದರ ಅರ್ಧ ಮರ್ಯಾದೆ ಹೋಗುತ್ತದೆ, ಒಂದು ಸಲ ಒಗೆದರೆ ಉಳಿದರ್ಧವೂ ಹೋಗುತ್ತದೆ. ಆದರೆ ಒಗೆಯುವ ಪ್ರಸಂಗ ಬಂದರೆ ತಾನೆ? ಅದು ಉಡಲಿಕ್ಕೆಂದು ಮಾಡಿದ್ದೇ ಅಲ್ಲ. ಇವಳ ಮನೆಯ ಮದುವೆಯಲ್ಲಿ ಬಂದದ್ದು ಇವಳ ಟ್ರಂಕಿನಲ್ಲಿ ಕೂರುತ್ತದೆ, ಮುಂದಿನ ಮದುವೆಯಲ್ಲಿ ಅವಳಿಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬಳಿಗೆ. ಕೊಡುವವಳಿಗೂ ಇದು ಗೊತ್ತು, ತಗೊಳ್ಳುವವಳಿಗೂ ಗೊತ್ತು. ಆದರೂ ಒಬ್ಬಳು "ಅಯ್ಯ, ಇದನ್ನೆಲ್ಲಾ ಯಾಕ ತರಾಕ ಹೋಗಿದ್ರಿ" ಅನ್ನಬೇಕು, ಇನ್ನೊಬ್ಬಳು "ಇರ್ಲಿ ಬಿಡ್ರಿ, ನಮ್ದೊಂದು ನೆನಪಿಗೆ" ಅನ್ನಬೇಕು. ಈ ನಾಟಕಕ್ಕೆ ವೇಷ ಒದಗಿಸಿ ನಾನು ಹೊಟ್ಟೆ ಹೊರೆದೆ.

ಅದಿರಿನ ಕಾಲ ಬರುವವರೆಗೆ ಇದಕ್ಕೊಂದು ಮಿತಿ ಇತ್ತು. ತೀರ ಹತ್ತಿರದವರಿಗೆ ಸೀರೆ, ಉಳಿದವರಿಗೆ ಒಂದು ಜಂಪರ್ ಪೀಸು, ಎಲೆ ಅಡಿಕೆ, ತೆಂಗಿನಕಾಯಿ. ಆಮೇಲೆ ಚೀನಾದವರಿಗೆ ನಮ್ಮ ಕೆಂಪು ಮಣ್ಣು ಬೇಕಾಯಿತು. ನಿನ್ನೆಯವರೆಗೆ ಸೈಕಲ್ಲಿನಲ್ಲಿ ಓಡಾಡುತ್ತಿದ್ದವರು ಟಿಪ್ಪರ್ ತೆಗೆದುಕೊಂಡರು, ಒಂದು ಇದ್ದದ್ದು ಆರಾಯಿತು, ಆರು ಇದ್ದವನು ಬಿಳಿ ಬಟ್ಟೆ ತೊಟ್ಟು ಕಪ್ಪು ಕನ್ನಡಕ ಹಾಕಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಹಗಲಿನಲ್ಲೇ ಹಿಡಿದರು. ಒಬ್ಬ ಬೂಟು ಬಿಚ್ಚದೆ ಗಾದಿಯ ಅಂಚಿನಲ್ಲಿ ಕೂತು, ಫೋನು ಕಿವಿಯಿಂದ ತೆಗೆಯದೆ, "ಇನ್ನೂರು ಹಾಕ್ರಿ" ಅಂದದ್ದು ನನಗಿನ್ನೂ ನೆನಪಿದೆ.

"ಯಾವ ಬಣ್ಣದ್ದು ಹಾಕ್ಲಿ ಸಾರ್?" ಅಂದೆ.

"ಯಾವದಾರ ಇರ್ಲಿ. ಹೊಳೀಬೇಕು, ಅಷ್ಟ."

ದನಕ್ಕೆ ಹುಲ್ಲು ಕೊಳ್ಳುವವನೂ ಒಂದು ಹಿಡಿ ಎಳೆದು ಮೂಸಿ ನೋಡುತ್ತಾನೆ. ಈತ ಅಷ್ಟನ್ನೂ ಮಾಡಲಿಲ್ಲ. ಮೂಟೆ ಕಟ್ಟಿಸಿ ಜೀಪಿಗೆ ಎತ್ತಿಸಿಕೊಂಡು ಹೋದ.

ಆ ವರ್ಷಗಳಲ್ಲಿ ಊರಿನಿಂದ ಹೊರಗೆ ಹೋಗುವ ಲಾರಿ ಗುಡ್ಡ ಹೊತ್ತು ಹೋಗುತ್ತಿತ್ತು, ಒಳಗೆ ಬರುವ ಲಾರಿ ಪಾಲಿಯೆಸ್ಟರ್ ಹೊತ್ತು ತರುತ್ತಿತ್ತು. ಧೂಳಿನ ಹಾವಳಿಗೆ ಅಂಗಡಿಯ ಬಿಳಿ ಪಂಚೆಗಳು ಗಾಜಿನ ಕಪಾಟು ಸೇರಿದವು. ಬೆಳಿಗ್ಗೆ ಜೋಡಿಸಿಟ್ಟ ಸೀರೆಗಳ ಮಡಿಕೆಯಲ್ಲಿ ಸಂಜೆಗೆಲ್ಲ ಕೆಂಪು ಗೆರೆ ಕೂತಿರುತ್ತಿತ್ತು. ನಮ್ಮ ಸಾವುಕಾರರು ಬುದ್ಧಿವಂತರು. ಇಟ್ಟಿಗೆ ಬಣ್ಣ, ಕಂದು ಬಣ್ಣದ ಸೀರೆಗಳನ್ನೇ ಹೆಚ್ಚು ತರಿಸತೊಡಗಿದರು. "ಧೂಳ ಕಾಣಂಗಿಲ್ಲ ನೋಡು" ಅಂದರು. ಧೂಳು ಯಾಕೆ ಬಂತು ಎಂದು ಕೇಳುವ ಬದಲು ಊರಿಗೆ ಊರೇ ಧೂಳಿಗೆ ಒಪ್ಪುವ ಬಣ್ಣ ಕೊಂಡಿತು.

ಸೂರತ್ತಿನ ಏಜೆಂಟ್ ಒಬ್ಬ ವರ್ಷಕ್ಕೆರಡು ಸಲ ಮಾದರಿ ಹಿಡಿದು ಬರುತ್ತಿದ್ದ. ಒಮ್ಮೆ ಚಹಾ ಕುಡಿಯುತ್ತಾ, ತಮ್ಮ ಮಿಲ್ಲಿನ ಹಿಂದಿನ ಹಳ್ಳಕ್ಕೆ ಇಳಿದ ಎಮ್ಮೆ ಗುಲಾಬಿ ಬಣ್ಣ ಹಚ್ಚಿಕೊಂಡು ಮೇಲೇಳುತ್ತದೆ ಎಂದು ಹೇಳಿ ಬಿದ್ದು ಬಿದ್ದು ನಕ್ಕ. ನಾವೂ ನಕ್ಕೆವು. ಆಮೇಲೆ ಸಾವುಕಾರರು ಅದೇ ಗುಲಾಬಿಯಲ್ಲಿ ಎರಡು ಮೂಟೆ ಬರೆಸಿದರು. ಅಂಗಡಿಯ ಪ್ಲಾಸ್ಟಿಕ್ ಚೀಲದ ಬಗ್ಗೆ ಯಾರೋ ಅಧಿಕಾರಿ ಬಂದು ಗದರಿಸಿ ಹೋದ ಮೇಲೆ ಬಟ್ಟೆಯಂತೆ ಕಾಣುವ ಹಸಿರು ಚೀಲ ತಂದು, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿಸಿ, ಪರಿಸರಸ್ನೇಹಿ ಎಂದು ಬರೆಸಿದರು. ಅದೂ ಪ್ಲಾಸ್ಟಿಕ್ಕೇ ಎಂದು ಬೆಂಕಿ ಕಡ್ಡಿ ಗೀರಿ ನಾನೇ ಕಂಡುಕೊಂಡಿದ್ದೆ. ಗಿರಾಕಿಗಳಿಗೆ ಮಾತ್ರ ಅದು ಬಹಳ ಹಿಡಿಸಿತು. ಪರಿಸರಕ್ಕೆ ಒಳ್ಳೆಯದೆಂದು ತಲೆಗೆ ಎರಡೆರಡು ಕೇಳಿ ಪಡೆದರು.

ನನಗೆ ಒಬ್ಬಳೇ ಅಕ್ಕ. ಸಿರುಗುಪ್ಪದ ಆಚೆ, ರಾರಾವಿಗೆ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಅವ್ವ ಹೋದ ಮೇಲೆ ಅವಳಿಗೆ ತೌರು ಅಂದರೆ ಬಳ್ಳಾರಿಯ ನನ್ನ ಮನೆ. ಪ್ರತಿ ನಾಗರಪಂಚಮಿಗೆ ನಾನು ಹೋಗಿ ಕರೆದುಕೊಂಡು ಬರುತ್ತಿದ್ದೆ. ನಾಲ್ಕು ದಿನ ಇದ್ದು, ಹೋಗುವ ದಿನ ಉಡಿ ತುಂಬಿಸಿಕೊಂಡು, ಒಂದು ಸೀರೆ ತಗೊಂಡು ಹೋಗುತ್ತಿದ್ದಳು. ತೌರಿನ ಸೀರೆ. ಊರಲ್ಲಿ ಬಸ್ಸಿಳಿದ ತಕ್ಷಣ ಅಕ್ಕಪಕ್ಕದವರು "ಏನ ಕೊಟ್ರು ತೌರಾಗ?" ಎಂದು ಕೇಳುತ್ತಾರೆ, ಇವಳು ಬಿಚ್ಚಿ ತೋರಿಸುತ್ತಾಳೆ. ಮದುವೆಯಾದ ಹೆಣ್ಣಿಗೆ ತನ್ನ ಹಿಂದೆ ಒಂದು ಮನೆ ಇನ್ನೂ ಇದೆ ಎಂದು ಊರಿಗೆ ತೋರಿಸಲು ಇರುವುದು ಅದೊಂದೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅವಳಿಗೆ ಒಯ್ಯುತ್ತಿದ್ದುದು ಕೊಡುವ ಸೀರೆಗಳ ರಾಶಿಯಿಂದ ಎತ್ತಿದ್ದನ್ನೇ. ಹಳ್ಳಿಯಲ್ಲಿ ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಅದನ್ನು ಮುಂದಕ್ಕೆ ದಾಟಿಸದೆ ನಿಜವಾಗಿ ಉಟ್ಟು ಸವೆಸಿದ ಹೆಂಗಸನ್ನು ನಾನು ಕಂಡಿದ್ದರೆ ಅದು ನನ್ನ ಅಕ್ಕನನ್ನು ಮಾತ್ರ. ಬಿಸಿಲಿಗೆ ಕುತ್ತಿಗೆ ತುಂಬ ಬೆವರುಸಾಲೆ ಎದ್ದಿದ್ದರೂ ಅದನ್ನೇ ಉಟ್ಟು ಕಳೆ ತೆಗೆಯುತ್ತಿದ್ದಳು.

ಒಂದು ಮಳೆಗಾಲ ಅವಳ ಊರಿಗೆ ಹೋದಾಗ ಹೊಲದ ದಾರಿಯಲ್ಲಿ ದಂಗಾಗಿ ನಿಂತೆ. ಎಲ್ಲ ಬದುವಿನ ಮೇಲೂ ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಸೀರೆ ಕಟ್ಟಿದ್ದರು. ಗುಲಾಬಿ, ಹಳದಿ, ಗಿಳಿ ಹಸಿರು. ಕಾಡುಹಂದಿ ಬರಬಾರದೆಂದು ಬೇಲಿ. ಬಹಳಷ್ಟು ಸೀರೆಗಳಿಗೆ ಚೀಟಿ ಕೂಡ ಹಾಗೇ ಅಂಟಿತ್ತು. ನಮ್ಮ ಅಂಗಡಿಯ ಮಾಲು ನನಗೆ ಗುರುತು ಸಿಗದೆ ಇರುತ್ತದೆಯೇ? ಮದುವೆಯಿಂದ ಮದುವೆಗೆ ತಿರುಗಿ, ಮಡಿಕೆಯಲ್ಲಿ ಸೀಳು ಬಿಟ್ಟು, ಇನ್ನು ಯಾರಿಗೂ ಕೊಡಲು ಬಾರದು ಎನ್ನುವ ಹೊತ್ತಿಗೆ ಹೊಲ ಸೇರಿದ್ದವು.

"ಹಂದಿಗೂ ಮುಯ್ಯಿ ಮಾಡೀರೇನು?" ಎಂದು ಭಾವನನ್ನು ಕೇಳಿದೆ.

"ಅವು ತಗೊಳ್ಳಂಗಿಲ್ಲಪ. ಹರಕೊಂಡು ಒಳಗ ಬರ್ತಾವ" ಅಂದರು ಭಾವ.

ಮರುದಿನ ಬೆಳಿಗ್ಗೆ ಕಾಲುವೆಯ ನೀರಿನ ಸರದಿ ಅಕ್ಕನ ಊರಿನ ಕೊನೆಯ ಹೊಲಗಳಿಗೆ ಬರಬೇಕಿತ್ತು. ಬರಲಿಲ್ಲ. ಹತ್ತು ಗಂಟೆಯಾದರೂ ಗದ್ದೆಗೆ ಒಂದು ತಂಬಿಗೆ ನೀರಿಲ್ಲ. ಮೇಲಿನ ಊರಿನವರು ಕದ್ದರೆಂದು ಎಲ್ಲರೂ ತೀರ್ಮಾನಿಸಿದರು. ಭಾವನೂ ಇನ್ನೂ ಏಳೆಂಟು ಜನರೂ ಬಡಿಗೆ ಹಿಡಿದು ಹೊರಟರು, ನಾನೂ ಹಿಂದೆ ನಡೆದೆ, ಅಕ್ಕ ನಮ್ಮೆಲ್ಲರ ಹಿಂದೆ. ಮೇಲಿನವರೂ ಬಡಿಗೆ ಹಿಡಿದೇ ನಿಂತಿದ್ದರು. ತಾಯಿ ತಂದೆ ಎತ್ತಿ ಬೈದಾಡಿದ ಮೇಲೆ ಒಬ್ಬ ಮುದುಕ ತೂಬಿನ ಬಾಯಿಗೆ ಕೈ ಹಾಕಿ ನೋಡಿ, "ಲೇ, ಇಲ್ಲಿ ಯಾವಾಕಿಯೋ ಕುಂತಾಳ ಬರ್ರಲೇ" ಅಂದ. ಅವನ ಕೈಯಲ್ಲಿ ಜರಿಯಂಚಿನ ಸೆರಗಿತ್ತು.

ನೀರಿಗಿಳಿದು ಎಳೆದೆವು. ಎಳೆದಷ್ಟೂ ಬಂತು. ಮೇಲಿನ ಹೊಲಗಳ ಬೇಲಿಯಿಂದ ಕಿತ್ತುಬಂದು, ಕಾಲುವೆಯಲ್ಲಿ ತೇಲಿ, ತೂಬಿನಲ್ಲಿ ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಉಂಡೆಯಾಗಿತ್ತು. ಬೇರೆ ಬಟ್ಟೆಯಾಗಿದ್ದರೆ ಎರಡು ಮಳೆಗೆ ಕೊಳೆತು ಮಣ್ಣಾಗುತ್ತಿತ್ತು. ಇದರ ಒಂದು ಎಳೆಯೂ ಕೊಳೆತಿರಲಿಲ್ಲ. ಕೆಸರು ತೊಳೆದರೆ ಜರಿ ಹೊಳೆಯುತ್ತಿತ್ತು. ಮದುವೆಯ ದಿನ ಹೊಳೆದಷ್ಟೇ ಚೆನ್ನಾಗಿ. ಬಡಿಗೆ ಹಿಡಿದು ಬಂದವರೆಲ್ಲ ಸೀರೆ ಹಿಂಡುತ್ತಾ ನಿಂತರು. ಅಕ್ಕ ಏರಿಯ ಮೇಲೆ ಕೂತು ನಗುತ್ತಿದ್ದಳು.

"ಲೇ ತಮ್ಮಾ, ಮಾರಾವನೂ ನೀನ, ಜಗ್ಗಾವನೂ ನೀನ."

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಮೊಣಕಾಲ ಮಟ ಕೆಸರಿನಲ್ಲಿ ನಿಂತು, ಇದನ್ನು ಕೊಂಡವರ ಮೇಲೆ, ಕೊಟ್ಟವರ ಮೇಲೆ, ತಗೊಂಡು ಟ್ರಂಕಿಗೆ ಹಾಕಿದವರ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ನನ್ನ ಮನೆಗೆ ಇನ್ನು ಮುಂದೆ ಬೇಡದ ಒಂದು ವಸ್ತುವೂ ಬರಕೂಡದು, ನನ್ನ ಕೈಯಿಂದ ಒಂದು ಮುಯ್ಯಿ ಸೀರೆಯೂ ಹೋಗಕೂಡದು ಎಂದು ಅಲ್ಲೇ ನಿರ್ಧರಿಸಿದೆ. ಮಾರುವುದನ್ನು ಮಾತ್ರ ಬಿಡಲಾಗಲಿಲ್ಲ. ಅನ್ನ ಬಿಡುವಷ್ಟು ದೊಡ್ಡವನು ನಾನಲ್ಲ.

ಮುಂದಿನ ಬೇಸಿಗೆಗೆ ಮಗಳ ಮದುವೆ ನಿಶ್ಚಯವಾಯಿತು. ಹುಡುಗನ ಮನೆ ಕುರುಗೋಡು. ಹುಡುಗ ಮೇಷ್ಟ್ರು, ಒಳ್ಳೆಯವನು. ಅವನಪ್ಪ ಮಾತ್ರ ಅದಿರಿನ ಕಾಲದ ಮನುಷ್ಯ. ಗಣಿಗೆ ಟಿಪ್ಪರ್ ಬಾಡಿಗೆ ಬಿಟ್ಟು ಬೆಳೆದಿದ್ದರು. ನಿಶ್ಚಿತಾರ್ಥಕ್ಕೆ ಹೋದಾಗ ನಮಗೆ ಮನೆ ತೋರಿಸಿದರು. ಎರಡು ಫ್ರಿಜ್ಜು ಇದ್ದವು. ಒಂದು ಅಡುಗೆಮನೆಯಲ್ಲಿ, ಇನ್ನೊಂದು ಬಂದವರಿಗೆ ಕಾಣಲೆಂದು ಪಡಸಾಲೆಯಲ್ಲಿ. ಪಡಸಾಲೆಯದನ್ನು ಕರೆಂಟಿಗೆ ಹಚ್ಚಿರಲಿಲ್ಲ. ಆಮೇಲೆ ಮೇಲಿನ ಒಂದು ಕೋಣೆಯ ಬಾಗಿಲು ತೆಗೆದರು. ನೆಲದಿಂದ ಕಿಟಕಿಯವರೆಗೆ ಸೀರೆ, ಟವೆಲು, ಸ್ಟೀಲಿನ ಡಬ್ಬಿ.

"ಗೃಹಪ್ರವೇಶಕ್ಕ ಬಂದಾವ್ರಿ ಬೀಗ್ರೇ. ಒಂದೂ ಬಿಚ್ಚಿಲ್ಲ ನೋಡ್ರಿ" ಎಂದು ಎದೆಯುಬ್ಬಿಸಿ ಹೇಳಿದರು.

ಇಷ್ಟು ಬಟ್ಟೆಗೆ ಯಾವ ಊರಿನ ಯಾವ ಹಳ್ಳ ಬಣ್ಣ ಕುಡಿಯಿತೋ, ಯಾವ ಗುಡ್ಡ ಮಾರಿದ ದುಡ್ಡು ಇದಕ್ಕೆ ಬಿತ್ತೋ, ಇದೆಲ್ಲ ಇಲ್ಲಿ ಇಲಿಗೆ ಹಾಸಿಗೆಯಾಗಿ ಬಿದ್ದಿದೆ. ನನಗೆ ಬಾಯಿ ಬಿಗಿಹಿಡಿಯಲಾಗಲಿಲ್ಲ. ಅಲ್ಲೇ ಹೇಳಿಬಿಟ್ಟೆ: "ನಮ್ಮ ಕಡಿಯಿಂದ ಮುಯ್ಯಿ ಇಲ್ರಿ. ಕೊಡಂಗಿಲ್ಲ, ತಗೊಳ್ಳಂಗಿಲ್ಲ."

ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅರಿವಿ ಅಂಗಡ್ಯಾಗ ಇದ್ದವ್ರು ಅರಿವಿ ಕೊಡಂಗಿಲ್ಲ ಅಂದ್ರ ಜನ ಏನಂತಾರ್ರಿ? ಕುಂಬಾರನ ಮನ್ಯಾಗ ಗಡಿಗಿ ಇಲ್ಲ ಅಂದಂಗಾತು."

"ಏನಾರ ಅನ್ಲಿ ಬಿಡ್ರಿ."

ಮಗಳ ಮಾವನಾಗುವವರ ಮುಂದೆ ಹೀಗೆ ಸೆಟೆದು ನಿಂತದ್ದಕ್ಕೆ ನನ್ನ ಹೆಂಡತಿ ಬಸ್ಸಿನಲ್ಲಿ ಕೊಳಗಲ್ಲು ದಾಟುವವರೆಗೆ ಕಿಟಕಿಯ ಹೊರಗೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ, "ಎಲ್ಲಾರಿಗೂ ಬ್ಯಾಡ ಅನ್ರಿ, ನಾ ಒಪ್ತೀನಿ. ಅಕ್ಕಗ ಮಾತ್ರ ಒಂದು ತರ್ರಿ. ಆಕಿಗೆ ಮತ್ತ ಯಾರದಾರ?" ಅಂದಳು.

"ಒಬ್ಬರಿಗೆ ಕೊಟ್ರ ನಿಯಮ ಉಳಿತೈತೇನು?" ಅಂದೆ.

"ನಿಯಮ ಉಳಿತೈತಿ ಬಿಡ್ರಿ. ಅಕ್ಕ ಉಳೀಬೇಕಲ್ಲ."

ಅವಳ ಮಾತು ನನ್ನ ಕಿವಿಗೆ ಹೋಗಲಿಲ್ಲ. ಅಂದಿನ ನನ್ನ ಜಂಬ ಈಗ ನೆನೆದರೆ ನನಗೇ ಹೇಸಿಗೆಯಾಗುತ್ತದೆ. ಲಗ್ನಪತ್ರಿಕೆಯಲ್ಲಿ ಮುಯ್ಯಿ ಕೊಡುವುದಿಲ್ಲ, ಸ್ವೀಕರಿಸುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಸಾವುಕಾರರು ಅದನ್ನು ಓದಿ, "ಎಲ್ಲಾರೂ ನಿನ್ನಂಗ ಆದ್ರ ನಾ ಎಮ್ಮಿ ಕಾಯಾಕ ಹೋಗಬೇಕು" ಅಂದರು. ಅದನ್ನೂ ಹೊಗಳಿಕೆ ಎಂದೇ ತಗೊಂಡೆ. ಕಂಡವರಿಗೆಲ್ಲ ತೂಬಿನ ಕಥೆ ಹೇಳಿದೆ, ಗುಲಾಬಿ ಎಮ್ಮೆಯ ಕಥೆ ಹೇಳಿದೆ. ಕೇಳಿದವರು ತಲೆಯಾಡಿಸಿ, ನಮ್ಮದೇ ಅಂಗಡಿಗೆ ಹೋಗಿ ಸೀರೆ ಕೊಂಡರು.

ಮದುವೆ ಬಳ್ಳಾರಿಯಲ್ಲೇ ಆಯಿತು. ಮುಯ್ಯಿ ಇಲ್ಲದ ಮದುವೆ ಹೇಗಿರುತ್ತದೆ ಎಂದು ನೋಡಲಿಕ್ಕೇ ಕೆಲವರು ಬಂದಿದ್ದರು. ಬಂದವರಲ್ಲಿ ಅರ್ಧ ಜನ ಚೀಲದಲ್ಲಿ ಸೀರೆ ಬಚ್ಚಿಟ್ಟುಕೊಂಡು ಬಂದು, ನಾನು ಎಲ್ಲಿ ನಿಂತಿದ್ದೇನೆಂದು ನೋಡಿಕೊಂಡು ಬೀಗಿತ್ತಿಯ ಕೈಗೆ ತುರುಕಿದರು. ಬೀಗರ ಕಡೆಯಿಂದ ಅವರ ಮನೆಯ ಸೀರೆಗಳು ಬಂದವರಿಗೆ ಮರುಮುಯ್ಯಿಯಾಗಿ ಹೋದವು. ಆ ಮೇಲಿನ ಕೋಣೆ ಸ್ವಲ್ಪ ಖಾಲಿಯಾಗಿರಬೇಕು. ಊಟವಾದ ಮೇಲೆ ಮಂಟಪದ ಹಿಂದೆ ಪ್ಲಾಸ್ಟಿಕ್ ಲೋಟಗಳ ಗುಡ್ಡೆ ಎದ್ದಿತ್ತು. ನೀರಿಗೆ ಸ್ಟೀಲಿನ ಲೋಟ ಎಂದು ನಾನು ಹೇಳಿದ್ದೆ. ಅಡುಗೆಯವನು ಹೂಂ ಎಂದು ತನಗೆ ಬೇಕಾದ್ದನ್ನು ಮಾಡಿದ್ದ. ಹೀಗೆ ನನ್ನ ಸುಧಾರಣೆ ನನ್ನ ಪಂಚೆಯ ಅಂಚು ದಾಟಿ ಹೊರಗೆ ಹೋಗಲಿಲ್ಲ.

ಅಕ್ಕ ಎರಡು ದಿನ ಮೊದಲೇ ಬಂದು ಅರಿಶಿಣ ಕುಟ್ಟಿದಳು, ಹಾಡು ಹೇಳಿದಳು, ಮಗಳನ್ನು ಕಳಿಸುವಾಗ ನನ್ನ ಹೆಂಡತಿಗಿಂತ ಹೆಚ್ಚು ಅತ್ತಳು. ಸೀರೆಯ ಮಾತೇ ಎತ್ತಲಿಲ್ಲ. ನೋಡಿದೆಯಾ, ನನ್ನ ಅಕ್ಕನಿಗಾದರೂ ಅರ್ಥವಾಯಿತು ಎಂದು ನಾನು ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದೆ. ಅವಳು ಮುಖ ತಿರುಗಿಸಿದಳು.

ಹೊರಡುವ ದಿನ ಹೆಂಡತಿ ಅಕ್ಕನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಬಾಳೆಹಣ್ಣು. ಅಷ್ಟಕ್ಕೆ ನಿಂತಿತು. ಅಕ್ಕ ಸೆರಗನ್ನು ಗಂಟು ಕಟ್ಟಲಿಲ್ಲ. ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದಳು.

"ತಮ್ಮಾ, ಅಂಗಡಿ ಸೀರಿ ನಾ ಕೇಳಂಗಿಲ್ಲ. ನೀ ಹೇಳಿದ್ದು ಖರೇ ಐತಿ, ಕೊಳ್ಳಬ್ಯಾಡ. ಅವ್ವಂದು ಒಂದು ಹಳೇದು ಕೊಡು. ಹರದಿದ್ರೂ ನಡಿತೈತಿ. ನಾಲ್ಕು ಮಂದಿ ಕೇಳ್ತಾರ, ತೋರ್ಸಾಕ ಒಂದು ಬೇಕಲ್ಲ."

ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಒಳಗೆ ಹೋಗಿಬಿಟ್ಟಳು.

ಅವ್ವನ ಸೀರೆಗಳು ಐದಿದ್ದವು. ಇಳಕಲ್ಲಿನ ನೂಲಿನ ಸೀರೆಗಳು, ಕೈಮಗ್ಗದವು. ಅವ್ವ ಅವನ್ನು ಉಟ್ಟದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ಬೇರೆ ಗತಿ ಇಲ್ಲದೆ. ಹರಿದಲ್ಲಿ ಹೊಲಿದು, ಸವೆದಲ್ಲಿ ತಿರುವಿ ಉಟ್ಟು, ಸಾಯುವವರೆಗೆ ಆ ಐದರಲ್ಲೇ ಬಾಳಿದಳು. ಅವಳು ಹೋದ ಮೇಲೆ ಒಂದು ಟ್ರಂಕಿನಲ್ಲಿ ಹಾಗೇ ಇದ್ದವು. ಮದುವೆಗೆ ಎರಡು ತಿಂಗಳಿರುವಾಗ ನೀರು ತುಂಬಿಡಲು ದೊಡ್ಡದೊಂದು ಟಬ್ಬು ಬೇಕೆಂದು ಹೆಂಡತಿ ಹೇಳಿದ್ದಳು. ಹೊಸದು ಕೊಳ್ಳುವುದೇ? ನಾನು? ಅವಳು ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಹಳೇ ಬಟ್ಟೆ ತಗೊಂಡು ಪಾತ್ರೆ ಕೊಡುವವಳು ಓಣಿಯಲ್ಲಿ ಕೂಗುತ್ತಾ ಬಂದಳು. ನಾನು ಟ್ರಂಕು ತೆಗೆದು ಇದ್ದಬದ್ದ ಹಳೇ ಬಟ್ಟೆಯನ್ನೆಲ್ಲ ಅವಳ ಮುಂದೆ ಸುರಿದೆ. ಮನೆಯೂ ಹಗುರಾಯಿತು, ಹಳೆಯದು ಮತ್ತೊಬ್ಬರ ಬಳಕೆಗೂ ಬಂತು, ಒಂದು ಪೈಸೆಯ ಖರೀದಿಯೂ ಇಲ್ಲ ಎಂದು ಹಿಗ್ಗಿದೆ. ಆ ಹೆಂಗಸು ಅವ್ವನ ಒಂದು ಸೀರೆ ಎತ್ತಿ ಬಿಸಿಲಿಗೆ ಹಿಡಿದು, ನೇಯ್ಗೆ ನೋಡಿ, ಮಡಿಸಿ ಗಂಟಿನ ತಳಕ್ಕೆ ಹಾಕಿಕೊಂಡಳು. ಅವಳು ನೋಡಿದಳು. ಮೂವತ್ತು ವರ್ಷ ಸೀರೆ ಮಾರಿದ ನಾನು ನೋಡಲಿಲ್ಲ. ಒಂದು ನೀಲಿ ಪ್ಲಾಸ್ಟಿಕ್ ಟಬ್ಬು ಕೊಟ್ಟು ಹೋದಳು. ಸಂಜೆ ಹೆಂಡತಿ ಬಂದು ಖಾಲಿ ಟ್ರಂಕು ನೋಡಿ, ಆ ಹೆಂಗಸನ್ನು ಹುಡುಕಿಕೊಂಡು ಎರಡು ಓಣಿ ಓಡಿದ್ದಳು. ಸಿಕ್ಕಿರಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂರುವ ಧೈರ್ಯ ಬರಲಿಲ್ಲ.

"ಐದೂ ಕೊಟ್ಟಿಯೇನು?"

"ಹೂಂ."

"ಎಲ್ಲೈತಿ ಆ ಟಬ್ಬು?"

ಹಿತ್ತಲಿಗೆ ಕರೆದುಕೊಂಡು ಹೋದೆ. ಮದುವೆಗೆ ಬಂದ ನೆಂಟರಿಗೆಂದು ಮನೆಯಲ್ಲಿ ಅನ್ನ ಬಸಿದಾಗ ಯಾರೋ ಬಿಸಿ ಗಂಜಿ ಅದಕ್ಕೇ ಸುರಿದಿದ್ದರು. ತಳದಿಂದ ಅಂಚಿನವರೆಗೆ ಸೀಳಿ, ಗೋಡೆಗೆ ಒರಗಿ ಬಿದ್ದಿತ್ತು. ಅಕ್ಕ ಒಂದು ಕೈಯಲ್ಲಿ ಉಡಿಯ ಅಕ್ಕಿ ಹಿಡಿದುಕೊಂಡೇ ಬಗ್ಗಿ, ಇನ್ನೊಂದು ಕೈಯಿಂದ ಅದರ ಸೀಳನ್ನು ಮುಟ್ಟಿದಳು.

"ಗಂಡನ ಮನ್ಯಾಗ ಎಲ್ಲಾರ ಮುಂದ ಹೇಳ್ತಿದ್ದೆ, ನನ್ನ ತಮ್ಮ ಅರಿವಿ ಬಲ್ಲವ ಅದಾನ ಅಂತ" ಅಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಊರಿನವರನ್ನೆಲ್ಲ ಬೈದು ಬೈದು ಬೈಗುಳದ ಮಟ್ಟು ನನಗೆ ಗೊತ್ತಿತ್ತು. ಇದು ಬೈಗುಳವಲ್ಲ. ಇನ್ನು ಮೇಲೆ ಆ ಮಾತನ್ನು ಎಲ್ಲೂ ಹೇಳುವುದಿಲ್ಲ ಎಂದು ಅವಳು ನನಗೆ ತಿಳಿಸಿದಳು, ಅಷ್ಟೇ. ನಾನು ತಲೆ ತಗ್ಗಿಸಿ, ಅಂಗಡಿಗೆ ಹೋಗಿ ಉಡುವಂಥದ್ದು, ಒಳ್ಳೆಯದು, ನೂಲಿನದ್ದು ಒಂದು ಈಗಲೇ ತರುತ್ತೇನೆ ಅಂದೆ. "ಬ್ಯಾಡ ಬಿಡು, ನಿನ್ನ ನಿಯಮ ಯಾಕ ಕೆಡಿಸ್ತಿ" ಅಂದಳು. ಅದರಲ್ಲಿ ಚುಚ್ಚುವ ಧಾಟಿಯೂ ಇರಲಿಲ್ಲ. ಸೆರಗಿಗೆ ಗಂಟು ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು.

ಆ ವರ್ಷದ ಪಂಚಮಿಗೆ ಕರೆಯಲು ಹೋದೆ. ಹೆಂಡತಿ ಉಳಿಸಿದ ದುಡ್ಡಿನಲ್ಲಿ ಒಂದು ಇಳಕಲ್ ಸೀರೆ ತರಿಸಿ ನನ್ನ ಚೀಲದಲ್ಲಿಟ್ಟಿದ್ದಳು. ನೂಲು, ನೇಯ್ಗೆ, ಸೆರಗಿನ ಕೆಂಪು, ಎಲ್ಲವನ್ನೂ ಈ ಸಲ ಬೆಳಕಿಗೆ ಹಿಡಿದು ನೋಡಿದ್ದೆ. ಅಕ್ಕ ಅಂದಿನ ನಾಟಿ ಮುಗಿಸಿ ಕಾಲು ತೊಳೆದುಕೊಳ್ಳುತ್ತಿದ್ದಳು. ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಸೀರೆ ಕೊಟ್ಟಾಗ ಎರಡೂ ಕೈಯಲ್ಲಿ ತಗೊಂಡು, ಮುಖಕ್ಕೆ ಹತ್ತಿರ ಹಿಡಿದು ಮೂಸಿದಳು. ಹೊಸ ಬಟ್ಟೆಯ ವಾಸನೆ ಬಿಟ್ಟರೆ ಅದರಲ್ಲಿ ಬೇರೇನಿರುತ್ತದೆ?

"ಚಲೋ ಐತಿ" ಅಂದಳು. ಬಿಚ್ಚಲಿಲ್ಲ. ಮಡಿಕೆ ಕೆಡದ ಹಾಗೆ ಮೇಲಿನ ಹಲಗೆಯ ಮೇಲಿಟ್ಟಳು. "ಮುಂದಿನ ವಾರ ನಮ್ಮ ನಾದಿನಿ ಮಗನ ಮದುವಿ ಐತಿ. ಮುಯ್ಯಿ ಮಾಡಾಕ ಆತು."

ಪಂಚಮಿಗೆ ಬರಲಾಗುವುದಿಲ್ಲ, ನಾಟಿ ಇನ್ನೂ ಉಳಿದಿದೆ ಎಂದಳು. ನಾನು ಒಬ್ಬನೇ ಬಳ್ಳಾರಿಗೆ ಬಂದೆ.